ಅಕ್ಕನ ತಲೆಯ ಮೇಲೆ ಎತ್ತಿದ ಭಂಡಾರ

ಕೊಲ್ಹಾಪುರದ ವ್ಯಸನಮುಕ್ತಿ ಕೇಂದ್ರದಿಂದ ಬಸವಂತ ಮನೆಗೆ ಬಂದ ದಿನ ಇಚಲಕರಂಜಿಯ ಆ ಗಲ್ಲಿಯಲ್ಲಿ ಏನೇನು ಒಳಗೆ ಹೋಯಿತು ಅಂತೀರಿ! ಅಂಗಳದಲ್ಲಿದ್ದ ಗ್ಯಾಸ್ ಸಿಲಿಂಡರ್ ಒಳಗೆ ಹೋಯಿತು, ಹಗ್ಗದ ಮೇಲಿನ ಸೀರೆ ಒಳಗೆ ಹೋಯಿತು, ನೀರು ಕಾಯಿಸುವ ತಾಮ್ರದ ಹಂಡೆ ಒಳಗೆ ಹೋಯಿತು. ಹೊಸ್ತಿಲ ಮೇಲೆ ಕೂತಿದ್ದ ಮುದುಕಿಯೊಬ್ಬಳು ತನ್ನ ಚಪ್ಪಲಿಯನ್ನೂ ಎತ್ತಿಕೊಂಡು ಒಳಗೆ ಹೋದಳು. ಬಾರು ಕಿತ್ತ ಚಪ್ಪಲಿ, ಅದನ್ನು ಕದ್ದು ಯಾರು ಉದ್ಧಾರ ಆಗಬೇಕಾಗಿತ್ತೋ ದೇವರೇ ಬಲ್ಲ. ಅಕ್ಕ ತಂಗೆವ್ವ ಒಂದು ಕೈಯಲ್ಲಿ ತಮ್ಮನ ಬ್ಯಾಗು, ಇನ್ನೊಂದು ಕೈಯಲ್ಲಿ ತಮ್ಮನ ರಟ್ಟೆ ಹಿಡಿದುಕೊಂಡು, ತಾನು ಯಾರ ಮುಖವನ್ನೂ ನೋಡದೆ, ಆದರೆ ಎಲ್ಲರಿಗೂ ಕಾಣುವ ಹಾಗೆ ನಡುಗಲ್ಲಿಯಲ್ಲೇ ನಡೆದು ಬಂದಳು.

"ಅಕ್ಕಾ, ಮಂದಿ ಎಲ್ಲಾ ಬಾಗಲಾ ಹಾಕ್ಕೊಂಡ್ರು, ನೋಡಿದೇನು?" ಎಂದ ಬಸವಂತ, ಮನೆಯೊಳಗೆ ಬಂದ ಮೇಲೆ.

"ಹಾಕ್ಕೊಳ್ಳಲಿ ಬಿಡು. ಸೊಳ್ಳಿ ಭಾಳ ಆಗ್ಯಾವ."

ಅವನು ನಕ್ಕ. ಎಷ್ಟೋ ವರ್ಷಕ್ಕೆ ಅವನ ನಗು ಕೇಳಿ ತಂಗೆವ್ವನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಅವಳು ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾಕ್ಕೆ ಇಟ್ಟಳು.

ಇವರು ಗೋಕಾಕದ ಕಡೆಯ ಹಾಲುಮತದವರು. ಅಪ್ಪ ಕುರಿ ಬಿಟ್ಟು ಮಗ್ಗ ಹಿಡಿಯಲು ಇಚಲಕರಂಜಿಗೆ ಬಂದವನು. ಅವನೂ ಹೋದ, ಬೆನ್ನಿಗೇ ಅವ್ವನೂ ಹೋದಳು. ಆಗ ಬಸವಂತ ಮೂಗು ಒರೆಸಿಕೊಳ್ಳಲೂ ಬಾರದ ಹುಡುಗ. ತಂಗೆವ್ವ ಗಂಡನ ಮನೆಯಿಂದ ಅವ್ವನ ಮಣ್ಣಿಗೆಂದು ಬಂದವಳು, ತಮ್ಮನನ್ನು ಮಡಿಲಿಗೆ ಹಾಕಿಕೊಂಡು ಕೂತುಬಿಟ್ಟಳು. ಗಂಡ ಎರಡು ಸಲ ಕರೆದ, ಮೂರನೆಯ ಸಲ ಬೇರೆಯವಳನ್ನು ಕಟ್ಟಿಕೊಂಡ. ಹೋಗಲಿ ಅತ್ತ, ಎಂದಳು. ಮಗ್ಗದ ಲಾಳಿಯೊಳಗೆ ಇಡುವ ಕಾಂಡಿಗೆ ಮಷಿನ್ ಮುಂದೆ ನಿಂತು ನೂಲು ಸುತ್ತುವ ಕೆಲಸ ಹಿಡಿದಳು. ಅದೇ ಕೆಲಸದಲ್ಲಿ ತಮ್ಮನನ್ನು ಸಾಕಿ, ಮೀಸೆ ಬರುವವರೆಗೆ ಕಣ್ಣಲ್ಲಿ ಕಣ್ಣಿಟ್ಟು ಕಾದಳು.

ಮೀಸೆ ಬಂತು, ಮಗ್ಗದ ಕೆಲಸವೂ ಸಿಕ್ಕಿತು. ರಾತ್ರಿ ಪಾಳಿಯಲ್ಲಿ ಕಣ್ಣು ಎಳೆಯುತ್ತದೆ ಎಂದದ್ದಕ್ಕೆ ಯಾರೋ ಪುಣ್ಯಾತ್ಮ ಒಂದು ಇಂಜೆಕ್ಷನ್ ಚುಚ್ಚಿದ. ನಿದ್ದೆ ಹೋಯಿತು. ಆಮೇಲೆ ಹಸಿವು ಹೋಯಿತು, ಕೆಲಸ ಹೋಯಿತು, ಅಕ್ಕನ ಕೊರಳಿನ ಬಂಗಾರದ ಬೋರಮಾಳವೂ ಹೋಯಿತು. ಕದ್ದದ್ದು ಮನೆಯಲ್ಲೇ, ಹೊರಗಿನವರ ಒಂದು ಚಮಚವನ್ನೂ ಅವನು ಮುಟ್ಟಿದವನಲ್ಲ. ಆದರೆ ಗಲ್ಲಿಯವರಿಗೆ ಅಷ್ಟು ಬಿಡಿಸಿ ನೋಡುವ ಪುರುಸೊತ್ತು ಎಲ್ಲಿರುತ್ತದೆ? ನಶೆಯವನಿಗೆ ಮರಾಠಿಯಲ್ಲಿ ಗರ್ದುಲ್ಲಾ ಎನ್ನುತ್ತಾರೆ. ಕನ್ನಡದವರೂ ಹಾಗೇ ಅನ್ನತೊಡಗಿದರು. ಗರ್ದುಲ್ಲಾ ಅಂದರೆ ಕಳ್ಳ, ಕಳ್ಳ ಅಂದರೆ ನಾಳೆಯ ಕೊಲೆಗಾರ. ಲೆಕ್ಕ ಮುಗಿಯಿತು.

ಕೇಂದ್ರದಿಂದ ಬಿಡುವ ಮೊದಲು ಅಲ್ಲಿಯ ಆಪ್ತಸಮಾಲೋಚಕಿ ನೂತನ ಮೇಡಂ ತಂಗೆವ್ವನನ್ನು ಒಬ್ಬಳನ್ನೇ ಕೂರಿಸಿಕೊಂಡು ಮರಾಠಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದರು. ಇದು ಜ್ವರ ಬಿಟ್ಟ ಹಾಗೆ ಬಿಟ್ಟುಹೋಗುವ ರೋಗವಲ್ಲ. ಅವನು ಒಂದು ಸಲ ಎಡವಬಹುದು. ಎಡವಿದರೆ ಎಲ್ಲ ಮುಗಿಯಿತು ಅಂತಲ್ಲ. ಆದರೆ ಎಡವಿದ ದಿನ ಹೆದರಿಕೆ ಇಲ್ಲದೆ ನಿಮ್ಮ ಹತ್ತಿರ ಬಂದು ಹೇಳುವ ಹಾಗಿರಬೇಕು, ಅಷ್ಟು ಮಾಡಿ ಸಾಕು, ಎಂದಿದ್ದರು. ತಂಗೆವ್ವ ಬಾಯಲ್ಲಿ "ಬರೋಬ್ಬರಿ ಐತ್ರಿ ಮೇಡಂ" ಎಂದಳು. ಮನಸ್ಸಿನಲ್ಲಿ ಮಾತ್ರ, ಕರೆದುಕೊಂಡು ಹೋಗುವ ಹೊತ್ತಿನಲ್ಲೇ ಎಡವುವ ಮಾತು ಆಡುತ್ತಾಳಲ್ಲ, ಇವಳ ನಾಲಿಗೆಗೆ ಏನು ಹೇಳೋಣ, ಎಂದುಕೊಂಡಳು. ಅವಳಿಗೆ ಬೇಕಾದದ್ದು ಒಂದೇ. ತಮ್ಮ ಬದುಕಬೇಕು, ಅದೂ ಈ ಗಲ್ಲಿಯಲ್ಲೇ, ಬಾಗಿಲು ಹಾಕಿಕೊಂಡ ಇದೇ ಜನರ ನಡುವೆ, ತಲೆ ಎತ್ತಿಕೊಂಡು ಬದುಕಬೇಕು.

ಮಗ್ಗದ ಮಾಲಕರು ಯಾರೂ ಅವನನ್ನು ಒಳಗೆ ಬಿಡಲಿಲ್ಲ. ಕೊನೆಗೆ ಸತ್ಯಪ್ಪ ಎಂಬ ಹಿರಿಯ ತನ್ನ ಜೊತೆ ವಹಿಫಣಿಯ ಕೆಲಸಕ್ಕೆ ಕೂರಿಸಿಕೊಂಡ. ನೂಲು ಸುತ್ತಿದ ಹೊಸ ಬೀಮು ಬಂದಾಗ ಅದರ ಸಾವಿರಾರು ಎಳೆಗಳನ್ನು ಒಂದೊಂದಾಗಿ ವಹಿಯ ತಂತಿಗಳ ಕಣ್ಣಿನಲ್ಲಿ ಪೋಣಿಸಿ ಫಣಿಯ ಹಲ್ಲಿನಲ್ಲಿ ಎಳೆಯುವ ಕೆಲಸ ಅದು. ಇಬ್ಬರು ಎದುರುಬದುರು ಕೂರಬೇಕು. ಬೀಮಿನ ಒಳಗಡೆ ಕೂತವನು ಎಳೆ ಕೊಡಬೇಕು, ಹೊರಗಡೆಯವನು ಕೊಕ್ಕೆಯಿಂದ ಎಳೆದುಕೊಳ್ಳಬೇಕು. ಕೈ ನಡುಗುವವನ ಕೆಲಸವಲ್ಲ. ಬಸವಂತನ ಕೈ ನಡುಗಲಿಲ್ಲ. "ಹುಡುಗ ಎಳಿ ಕೊಟ್ರ ಕೇಳಬ್ಯಾಡವಾ, ನನ್ನ ಕೊಕ್ಕಿಗೇ ಉಸಿರ ಹತ್ತೈತಿ" ಎಂದು ಸತ್ಯಪ್ಪ ತಂಗೆವ್ವನ ಮುಂದೆ ಹೇಳಿದಾಗ ಅವಳು ಆ ದಿನ ಅವನಿಗೆ ಎರಡು ಸಲ ಚಹಾ ಕುಡಿಸಿದಳು.

ಒಳ್ಳೆಯ ದಿನಗಳು ಅವು. ಬಸವಂತ ಗಡದ್ದಾಗಿ ಉಣ್ಣುತ್ತಿದ್ದ, ಬಿದ್ದಲ್ಲಿ ಗೊರಕೆ ಹೊಡೆಯುತ್ತಿದ್ದ. ಬೇರೆಯವರಿಗಾದರೆ ಆ ಗೊರಕೆ ತಲೆನೋವು. ತಂಗೆವ್ವ ಅದನ್ನು ಕೇಳುತ್ತ ಮಲಗುವುದೇ ಒಂದು ಸುಖ ಅಂದುಕೊಂಡಿದ್ದಳು. ನಿದ್ದೆ ಮಾಡದ ತಮ್ಮನನ್ನು ಅಷ್ಟು ವರ್ಷ ನೋಡಿದವಳು ಅವಳು.

ಅಷ್ಟರಲ್ಲಿ ಎದುರುಮನೆಯ ಉಜ್ವಲಾ ವೈನಿಯ ಕೊರಳಿನ ಗಂಠಣ, ಬಂಗಾರದ ತಾಳಿಸರ, ಹೋಯಿತು. ಸಂಜೆ ಪೇಟೆಯಿಂದ ಬರುವಾಗ ಮೋಟರ್‌ಸೈಕಲ್ ಮೇಲೆ ಬಂದ ಇಬ್ಬರು ಕಿತ್ತುಕೊಂಡು ಹೋದರು. ಇಬ್ಬರೂ ಹೆಲ್ಮೆಟ್ ಹಾಕಿದ್ದರು, ಮುಖ ಯಾರೂ ನೋಡಿರಲಿಲ್ಲ. ಮುಖ ಯಾಕೆ ಬೇಕು? ಗಲ್ಲಿಗೆ ಮುಖ ಮೊದಲೇ ಗೊತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಎಲ್ಲರ ಮೊಬೈಲಿಗೂ ಬಸವಂತನ ಫೋಟೋ ಬಂತು, ಕೆಳಗೆ "ಸಾವಧಾನ" ಎಂದು ಮರಾಠಿಯಲ್ಲಿ ದಪ್ಪಕ್ಷರ. ಪೊಲೀಸರು ಬಂದು ಕಾರಖಾನೆಯಿಂದಲೇ ಅವನನ್ನು ಎತ್ತಿಕೊಂಡು ಹೋದರು. ಸತ್ಯಪ್ಪ ಹಿಂದೆಯೇ ಹೋಗಿ, "ಸಾಹೇಬ್ರ, ಅಂವ ನನ್ನ ಎದರಿಗೆ ಬೀಮಿನ್ಯಾಗ ಕುಂತ ಎಳಿ ಕೊಡಾಕತ್ತಿದ್ನರೀ, ಎದ್ದs ಇಲ್ಲ" ಎಂದು ಕೈಮುಗಿದ. ಮನೆಗೆ ಹೋಗು ಮುದುಕಾ, ಎಂದರು. ಮರುದಿನ ಬಸವಂತನನ್ನು ಬಿಟ್ಟರು. ಒಂದು ಕಿವಿ ಬಾತಿತ್ತು, ಕುಂಟುತ್ತಿದ್ದ.

ತಂಗೆವ್ವನಿಗೆ ತಡೆಯಲಾಗಲಿಲ್ಲ. ಕೊಡ ಹಿಡಿದು ನಲ್ಲಿಯ ಹತ್ತಿರ ಹೋದವಳು ಕೊಡವನ್ನು ನೆಲಕ್ಕೆ ಕುಕ್ಕಿದಳು.

"ನನ್ನ ತಮ್ಮ ಕದ್ದಿದ್ರ ನನ್ನ ಕೈ ಕತ್ತರಸ್ರಿ! ಏನ ನೋಡೀರಿ ನೀವು? ಯಾರ ನೋಡೀರಿ?"

ಉಜ್ವಲಾ ವೈನಿ ಕೊರಳು ಬರಿದು ಮಾಡಿಕೊಂಡು ಅಳುತ್ತ ಕೂತವಳು. ಅವಳದೂ ಸುಳ್ಳು ದುಃಖವಲ್ಲ. ಹುಟ್ಟು ಮರಾಠಿಯವಳಾದರೂ ಈ ಗಲ್ಲಿಯಲ್ಲಿ ಕನ್ನಡ ಕಲಿತವಳು, ಎರಡನ್ನೂ ಕಲಸಿ ಆಡುತ್ತಿದ್ದಳು. "ಸೂಜಿ ಚುಚ್ಚಿಕೊಳ್ಳೂ ಮನಷ್ಯಾ, ಅವಂದು ಕಾಯ ಭರವಸಾ, ತಂಗುಬಾಯಿ? ಆಜ ನಂದು ಹೋತು, ಉದ್ಯಾ ನಿಂದೂ ಹೋಗತೈತಿ" ಎಂದಳು. ಸುತ್ತಲಿನವರು ತಲೆಯಾಡಿಸಿದರು.

"ಭರವಸಾ ಬೇಕೇನು? ಐತವಾರ ಬರ್ರಿ ಬೀರದೇವ್ರ ಗುಡಿಗೆ. ನನ್ನ ತಮ್ಮ ಭಂಡಾರ ಎತ್ತತಾನ. ಆಮ್ಯಾಲೆ ಯಾರ ಬಾಯಿ ತೆಗೀತೀರಿ ನೋಡತೇನಿ" ಎಂದುಬಿಟ್ಟಳು ತಂಗೆವ್ವ.

ಭಂಡಾರ ಎತ್ತುವುದೆಂದರೆ ಆ ಗಲ್ಲಿಯ ಹಾಲುಮತದವರಲ್ಲಿ ಹುಡುಗಾಟದ ಮಾತಲ್ಲ. ದೇವರ ಮುಂದಿನ ಅರಿಶಿನದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು, ತನಗೆ ಎಲ್ಲಕ್ಕಿಂತ ಬೇಕಾದವರ ತಲೆಯ ಮೇಲೆ ಆ ಕೈಯಿಟ್ಟು ಮಾತು ಕೊಡಬೇಕು. ಮಾತು ಮುರಿದರೆ ಕೇಡು ಮುರಿದವನಿಗೆ ತಟ್ಟುವುದಿಲ್ಲ, ಆ ತಲೆಗೆ ತಟ್ಟುತ್ತದೆ. ಹಾಗಂತ ಅವರ ನಂಬಿಕೆ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವನೂ ಭಂಡಾರದ ಮುಂದೆ ಬಾಯಿ ತಡವರಿಸುತ್ತಾನೆ. ಬಸವಂತನಿಗೆ ಇದ್ದದ್ದು ಒಂದೇ ತಲೆ, ಅಕ್ಕನದು.

ಐತವಾರ ಗುಡಿಯ ಮುಂದೆ ಜನ ಸೇರಿದರು. ನಲ್ಲಿಯಲ್ಲಿ ನೀರು ಬಂದಾಗಲೂ ಅಷ್ಟು ಜನ ಸೇರುವುದಿಲ್ಲ. ತಂಗೆವ್ವ ತಲೆಗೆ ಸ್ನಾನ ಮಾಡಿ, ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ದೇವರ ಎದುರು ಕುಕ್ಕರಗಾಲಿನಲ್ಲಿ ಕೂತಳು. ಪೂಜಾರಿ ಬಸವಂತನ ಮುಷ್ಟಿಗೆ ಭಂಡಾರ ಸುರಿದ. ಏನಂತ ಎತ್ತುತ್ತೀ, ಎಂದು ಕೇಳಿದ.

"ಗಂಠಣಾ ಕದ್ದಿಲ್ಲಂತ" ಎಂದ ಬಸವಂತ.

"ಅದಷ್ಟ ಅಲ್ಲ" ಎಂದಳು ತಂಗೆವ್ವ, ಎಲ್ಲರಿಗೂ ಕೇಳುವ ಹಾಗೆ. "ಇನ್ನ ಮುಂದ ಸೂಜಿ ಮುಟ್ಟಂಗಿಲ್ಲಂತನೂ ಎತ್ತಲಿ."

ಬಸವಂತ ಬಗ್ಗಿ ಅವಳ ಕಿವಿಯ ಹತ್ತಿರ ಬಂದ. "ಅಕ್ಕಾ, ಕದ್ದಿಲ್ಲಂತ ಎತ್ತತೇನಿ. ಮುಂದಿಂದ್ ಬ್ಯಾಡ."

"ಯಾಕ? ನಿನಗ ನಿನ್ನ ಮ್ಯಾಲೆ ನಂಬಿಕಿ ಇಲ್ಲೇನು?"

"ದಿನಾ ಮುಂಜಾನೆ ಎದ್ದ, ಇವತ್ತ ಒಂದ ದಿನಾ ಬ್ಯಾಡ ಅಂತ ಬಿಟ್ಟೇನಿ ಅಕ್ಕಾ. ಅಲ್ಲೆ ಹಂಗ ಕಲಿಸ್ಯಾರ. ಪೂರಾ ಜನ್ಮದ್ದು ಒಮ್ಮೆಲೆ ಹೆಂಗ ಹೇಳಲಿ? ಅದೂ ನಿನ್ನ ತಲಿ ಮ್ಯಾಲೆ?"

ಸತ್ಯಪ್ಪನೂ ಹಿಂದಿನಿಂದ, "ಕಳವಿಂದಷ್ಟ ಸಾಕ ತಂಗೆವ್ವಾ. ನಾಳಿಂದು ಯಾರ ಕೈಯಾಗ ಐತಿ?" ಎಂದ. ಆದರೆ ಅವಳು ಸುತ್ತಲಿನ ಮುಖಗಳನ್ನು ನೋಡುತ್ತಿದ್ದಳು. ಬಾಗಿಲು ಹಾಕಿಕೊಂಡವರು, ಹಂಡೆ ಒಳಗೆ ಒಯ್ದವರು, ಫೋಟೋ ಕಳಿಸಿದವರು ಎಲ್ಲರೂ ಅಲ್ಲಿದ್ದರು. ಇವತ್ತು ಇವರೆಲ್ಲರ ಬಾಯಿ ಮುಚ್ಚಿಸದಿದ್ದರೆ ಇನ್ನು ಯಾವತ್ತೂ ಇಲ್ಲ, ಅನ್ನಿಸಿತು. "ಎತ್ತೋ ಬಸೂ. ನಿನ್ನ ಅಕ್ಕ ಹೇಳಾಕತ್ತೇನಿ" ಎಂದಳು.

ಬಸವಂತ ಎತ್ತಿದ. ಎರಡೂ ಮಾತು ಹೇಳಿ ಅವಳ ತಲೆಯ ಮೇಲೆ ಮುಷ್ಟಿ ಬಿಚ್ಚಿದ. ಭಂಡಾರ ಬೈತಲೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕೆನ್ನೆಗೆ ಇಳಿಯಿತು. ತಂಗೆವ್ವನಿಗೆ ತನ್ನ ಬಾಳಿನಲ್ಲಿ ಅಷ್ಟು ಹೆಮ್ಮೆ ಆದ ದಿನ ಇನ್ನೊಂದಿರಲಿಲ್ಲ, ಪಾಪ.

ಗಲ್ಲಿ ಒಂದೇ ಸಲಕ್ಕೆ ತಿರುಗಿತು ನೋಡಿ. ಗರ್ದುಲ್ಲಾ ಹೋಗಿ ಬಸವಂತಣ್ಣ ಆದ. ಹಂಡೆಗಳು ಹೊರಗೆ ಬಂದವು. ಕೆಲ ವಾರಗಳ ಮೇಲೆ ಗಂಠಣದ ಕಳ್ಳರೂ ಸಿಕ್ಕರು. ಇಬ್ಬರೂ ಉಂಡುಟ್ಟ ಮನೆಯ ಹುಡುಗರು, ಸೂಜಿ ಇಲ್ಲ, ಕುಡಿತ ಇಲ್ಲ, ಮೊಬೈಲ್ ಜೂಜಿನಲ್ಲಿ ಸೋತು ಕಳವಿಗೆ ಇಳಿದವರು. ಅವರ ಫೋಟೋ ಯಾರ ಮೊಬೈಲಿಗೂ ಬರಲಿಲ್ಲ. ಉಜ್ವಲಾ ವೈನಿ ಒಂದು ಡಬ್ಬಿ ಪುರಣಪೋಳಿ ಕಳಿಸಿದಳು. ತಪ್ಪಾಯಿತು ಅನ್ನುವ ಮಾತನ್ನು ಮಾತ್ರ ಕಳಿಸಲಿಲ್ಲ. ತಂಗೆವ್ವ ಅದನ್ನೂ ಹೊಟ್ಟೆಗೆ ಹಾಕಿಕೊಂಡು ತಮ್ಮನಿಗೆ ತುಪ್ಪ ಹಚ್ಚಿ ಬಡಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಬಸವಂತ ಬೇರೆ ಥರ ಆದ. ಊಟಕ್ಕೆ ಒಳಗೆ ಬಾರದೆ ಗಂಗಾಳವನ್ನು ಹೊರಗೆ ಕಟ್ಟೆಯ ಮೇಲೆ ತರಿಸಿಕೊಳ್ಳತೊಡಗಿದ. ಐತವಾರ ಅಕ್ಕ ಹಣೆಗೆ ಭಂಡಾರ ಹಚ್ಚಲು ಬಂದರೆ, ಮೈಲಿಗೆ ಆಗೇನಿ, ಎಂದು ಹಿಂದೆ ಸರಿದ. ಉದ್ದ ತೋಳಿನ ಅಂಗಿ ತೆಗೆಯುತ್ತಿರಲಿಲ್ಲ. "ಯಾಕೋ ಎಳಿ ಎಡಗೈಲೆ ಕೊಡಾಕತ್ತಾನ" ಎಂದು ಸತ್ಯಪ್ಪ ಒಮ್ಮೆ ಅಂದ. ಆದರೆ ಭಂಡಾರ ಎತ್ತಿದವನ ಮೇಲೆ ಸಂಶಯ ಪಡುವುದುಂಟೇ? ತಂಗೆವ್ವನ ತಲೆಗೆ ಅದು ಹೊಳೆಯಲೂ ಇಲ್ಲ. ಮದುವೆಯ ವಿಚಾರ ಇರಬೇಕು, ಹುಡುಗನಿಗೆ ನಾಚಿಕೆ, ಎಂದುಕೊಂಡಳು.

ಒಂದು ದಿನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಬಸವಂತ ಹೊಸ್ತಿಲ ಆಚೆ ಬಂದು ನಿಂತ.

"ಅಕ್ಕಾ, ಒಂದ ಮಾತು ಕೇಳತೇನಿ. ಭಂಡಾರ ಎತ್ತಿ ಮುರದವ್ರಿಗೆ ಏನರ ಉಪಾಯ ಇರತೈತೇನು?"

ಅದೇ ವಾರ ಹಿಂದಿನ ಗಲ್ಲಿಯವನೊಬ್ಬ, ಸೆರೆ ಮುಟ್ಟುವುದಿಲ್ಲವೆಂದು ಮಗಳ ತಲೆಯ ಮೇಲೆ ಭಂಡಾರ ಎತ್ತಿದ್ದವನು, ಕುಡಿದು ಬಿದ್ದಿದ್ದ. ಅವನ ಸುದ್ದಿಯೇ ಇರಬೇಕೆಂದುಕೊಂಡಳು ತಂಗೆವ್ವ. ರೊಟ್ಟಿಯನ್ನು ಹಂಚಿಗೆ ಹಾಕಿ, ಕೈ ಝಾಡಿಸಿ, ಗಟ್ಟಿಯಾಗಿ ಹೇಳಿದಳು. "ಎಲ್ಲೀ ಉಪಾಯ? ಮನಿಯವ್ರ ತಲಿ ಅಂದ್ರ ಆಟಗಿ ಸಾಮಾನೇನು? ಅಂಥವ್ರ ಮಾರಿ ನಾ ಜನ್ಮದಾಗ ನೋಡಂಗಿಲ್ಲ. ಸತ್ತಾನಂತಂದ್ರೂ ಹೋಗಂಗಿಲ್ಲ."

"ಹೌದ ಬಿಡು" ಎಂದ ಬಸವಂತ. ಆಮೇಲೆ ಹೋದ. ರೊಟ್ಟಿ ಉಬ್ಬಿತು, ಅವಳು ತಿರುವಿ ಹಾಕಿದಳು.

ಮರುದಿನವೇ ತಂಗೆವ್ವನಿಗೆ ಜ್ವರ ಬಂತು. ಗಲ್ಲಿಯಲ್ಲಿ ಮನೆಗೊಬ್ಬರಿಗೆ ಬಂದಂಥ ಸೊಳ್ಳೆಜ್ವರ, ಅದರಲ್ಲಿ ವಿಶೇಷ ಏನೂ ಇರಲಿಲ್ಲ. ಆದರೆ ಬಸವಂತನ ಅವಸ್ಥೆ ನೋಡಬೇಕಿತ್ತು. ಗುಳಿಗೆ ತಂದು ಹೊಸ್ತಿಲ ಮೇಲೆ ಇಡುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಉಜ್ವಲಾ ವೈನಿಯ ಕಾಲು ಹಿಡಿದು ಅಕ್ಕನ ಬಳಿ ಕೂರಲು ಕಳಿಸಿದ. ತಾನು ಹೊರಗೆ ಕಟ್ಟೆಯ ಮೇಲೆ ಕೂತು, "ಈಗ ಹೆಂಗ ಐತಿ ಅಕ್ಕಾ? ಎದಿ ನೋಯತೈತೇನು? ಉಸರಾಡಾಕ ಬರತೈತೇನು?" ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಅವನು ಅಳುವ ಸದ್ದೂ ಒಳಗೆ ಕೇಳಿಸಿತು. ಎಷ್ಟು ಜೀವ ಇಟ್ಟುಕೊಂಡಿದ್ದಾನೆ ನನ್ನ ಮೇಲೆ, ಎಂದು ತಂಗೆವ್ವ ಆ ಜ್ವರದಲ್ಲೂ ಸುಖಪಟ್ಟಳು.

ಜ್ವರ ಇಳಿದ ದಿನ ಬಸವಂತ ಬ್ಯಾಗು ಕಟ್ಟಿದ. ಗಡಹಿಂಗ್ಲಜದ ಕಡೆ ಸೋದರಮಾವ ಹಣಮಪ್ಪನ ಕುರಿ ಇದ್ದವು, ಅಲ್ಲಿಗೆ ಹೋಗುತ್ತೇನೆ ಎಂದ. ಯಾಕೆ ಅಂದರೆ, "ಇಲ್ಲಿ ಬ್ಯಾಡ ಅನಸೈತಿ" ಎಂದ ಅಷ್ಟೇ. ಹೊಸ್ತಿಲ ಆಚೆಯಿಂದಲೇ ಕೈಮುಗಿದ. ತಂಗೆವ್ವನಿಗೆ ರೇಗಿತು. ಸತ್ತು ಬದುಕಿ ಎದ್ದಿದ್ದಾಳೆ, ಇವನು ಹೊರಟು ನಿಂತಿದ್ದಾನೆ! "ಅಕ್ಕನ ಕಾಲ ಮುಟ್ಟಾಕ ಕೈ ಸವದ ಹೊಕ್ಕಾವೇನು? ಹೋಗು, ಕುರಿ ಕೂಡನs ಇರು" ಎಂದಳು. ಅವನು ತಲೆ ತಗ್ಗಿಸಿ ಹೋದ. ಗಲ್ಲಿಯ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದ. ಇವಳು ಮುಖ ತಿರುಗಿಸಿಕೊಂಡಳು.

ಮಾವನ ಫೋನು ಆಗಾಗ ಬರುತ್ತಿತ್ತು. ಹುಡುಗ ಚೆನ್ನಾಗಿದ್ದಾನೆ, ಕುರಿಯ ಮುಂದೂ ಅವನೇ, ಹಿಂದೂ ಅವನೇ. "ಕಂಬಳಿ ಒಂದ ಬಿಚ್ಚವಲ್ಲ ನೋಡವಾ, ಸುಡೂ ಬಿಸಲಾಗೂ ಹೊತಕೊಂಡ ಅಡ್ಡಾಡ್ತಾನ" ಎಂದು ಮಾವ ನಗುತ್ತಿದ್ದ. ಬಸವಂತನಿಗೆ ಕೊಡು ಎಂದರೆ ಅವನು ಫೋನು ಹಿಡಿಯುತ್ತಿರಲಿಲ್ಲ. ಅಕ್ಕ ಆರಾಮ ಇದ್ದಾಳೇನು ಕೇಳು, ಎಂದು ದೂರದಿಂದ ಹೇಳಿದ್ದು ಕೇಳಿಸುತ್ತಿತ್ತು. ತಂಗೆವ್ವನ ಸಿಟ್ಟು ಇಳಿದಿತ್ತು. ದೀಪಾವಳಿಗೆ ಬರುತ್ತಾನೆ, ಆಗ ಎರಡು ಬೈದು ಕಾಲು ಮುಟ್ಟಿಸಿಕೊಂಡರಾಯಿತು, ಎಂದುಕೊಂಡಿದ್ದಳು.

ಆಮೇಲೆ ಬಂದ ಫೋನಿನಲ್ಲಿ ಮಾವ ನಗಲಿಲ್ಲ. "ಲಗೂನ ಬಾರವಾ. ಹುಡುಗ ಹಟ್ಟ್ಯಾಗ ಬಿದ್ದಾನ. ಗಡಹಿಂಗ್ಲಜದ ದವಾಖಾನಿಗೆ ತಂದೇವಿ" ಎಂದ.

ಕಾಂಡಿ ಮಷಿನ್ ನಿಲ್ಲಿಸಿ, ಹತ್ತಿ ಮೆತ್ತಿದ ಸೀರೆಯಲ್ಲೇ ತಂಗೆವ್ವ ಬಸ್ಸು ಹತ್ತಿದಳು. ದವಾಖಾನೆಯ ಮೆಟ್ಟಿಲ ಮೇಲೆ ಹಣಮಪ್ಪ ಮಾವ ತಲೆಯ ಪಟಕಾ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. "ಕಂಬಳಿ ತೆಗೀಯಾಕ ಬಿಡವಲ್ಲಾಗಿದ್ದ. ನಾಕ ಮಂದಿ ಹಿಡದ ತೆಗದೇವಿ. ಬಲಗೈ ರಟ್ಟಿತನಾ ಬಾತ ಕೀವು ತುಂಬೈತಿ. ಸೂಜಿ ಚುಚ್ಚಿದ್ದ ಜಾಗಾ. ಕೀವು ರಕ್ತದಾಗ ಇಳದೈತಂತ. ಮೊದಲs ತೋರಸಿದ್ರ ಎರಡ ಗುಳಿಗಿಲೆ ಹೋಗೂ ರೋಗಂತವಾ" ಎಂದ. ಕೊಲ್ಹಾಪುರಕ್ಕೆ ಒಯ್ಯಬೇಕೆಂದು ಡಾಕ್ಟರು ಗಾಡಿಗೆ ಹೇಳಿದ್ದರು.

ಬಸವಂತ ಕಣ್ಣು ಬಿಟ್ಟುಕೊಂಡೇ ಇದ್ದ. ತುಟಿ ಒಡೆದಿತ್ತು. ಅಕ್ಕನನ್ನು ಕಂಡವನೇ ಗೋಡೆಯ ಕಡೆ ಸರಿಯಲು ನೋಡಿದ.

"ದೂರ ನಿಲ್ಲು ಅಕ್ಕಾ. ಜ್ವರಾ ತಿರಗಿ ಬಂತೇನು?"

"ಯಾರಿಗೋ?"

"ನಿನಗ."

ಆಗ ತಂಗೆವ್ವನಿಗೆ ತಿಳಿಯಿತು. ಎಲ್ಲವೂ ಒಮ್ಮೆಲೇ ತಿಳಿಯಿತು. ಕಟ್ಟೆಯ ಮೇಲಿನ ಊಟ, ಹೊಸ್ತಿಲ ಆಚೆಯ ಗುಳಿಗೆ, ಆ ಅಳು, ಆ ರೊಟ್ಟಿ ಬಡಿಯುವ ಹೊತ್ತು. ಅವಳು ಮಂಚದ ಅಂಚು ಹಿಡಿದು ಕೂತಳು.

"ಒಂದ ಸಲ, ಅಕ್ಕಾ" ಎಂದ ಬಸವಂತ. "ಒಂದs ಸಲ. ಮಳಿಗಾಲದಾಗ ಬಸ್‌ಸ್ಟ್ಯಾಂಡಿನ್ಯಾಗ ಮತ್ತ ಪೊಲೀಸರು ಹಿಡದ್ರು. ಅಂಗಿ ತೋಳ ಏರಸಂದ್ರು. ಏರಸಿದ್ನಿ. ಹೊಸಾ ಗುರತ ಒಂದೂ ಇರಲಿಲ್ಲ, ಬೀರದೇವ್ರ ಆಣಿ. ಹಳೇವು ನೋಡಿ ನಕ್ಕರು. ಮಂದಿ ಫೋನ ಹಿಡದ ಸುತ್ತ ನಿಂತಿದ್ರು. ಸಣ್ಣ ಹುಡುಗೂರ ಸೈತ. ಅಲ್ಲಿಂದ ಮನಿಗೆ ಬರೂದ ಬಿಟ್ಟ ಎಲ್ಲೆರ ಹೋಗಬೇಕು ಅನಿಸ್ತು. ಹಳೇ ಗೆಳ್ಯಾ ಒಬ್ಬ ಭೆಟ್ಟಿ ಆದ..." ಅವನಿಗೆ ಉಸಿರು ಸಾಲಲಿಲ್ಲ. "ಮರುದಿನಾ ನಾ ಮುಟ್ಟಿಲ್ಲ. ಆಮ್ಯಾಲೂ ಮುಟ್ಟಿಲ್ಲ."

"ಡಾಕ್ಟರ್ ಹಂತ್ಯಾಕರ ಹೋಗಬೇಕಿತ್ತಲ್ಲೋ. ನನಗರ ಹೇಳಬೇಕಿತ್ತಲ್ಲೋ ತಮ್ಮಾ."

"ತೋಳ ತೋರಸಿದ್ರ ಎಲ್ಲಾರಿಗೂ ಗೊತ್ತಾಗತಿತ್ತು. ನಿನಗ ಹೇಳಾಕ ಬಂದಿದ್ನಿ. ನೀ ಮಾರಿ ನೋಡಂಗಿಲ್ಲ ಅಂದಿ. ಮರುದಿನನs ನಿನಗ ಜ್ವರಾ ಬಂತು. ನಾನs ಕೊಂದ್ನಿ ಅನಕೊಂಡ್ನಿ. ದೂರ ಹೋದ್ರ ನೀ ಉಳೀತಿ ಅಂತ ಬಂದ್ನಿ."

ತಂಗೆವ್ವ ಅವನ ಒಳ್ಳೆಯ ಕೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಅವನು ಎಳೆದುಕೊಳ್ಳಲು ನೋಡಿದ, ಬಿಡಲಿಲ್ಲ. "ನೋಡು. ಗಟ್ಟಿ ಅದೇನಿ. ಕಲ್ಲ ಇದ್ದಂಗ ಅದೇನಿ. ನನಗೇನೂ ಆಗಿಲ್ಲ" ಎಂದಳು.

"ಹಂಗಾರ ದೇವ್ರು ಸುಳ್ಳೇನು?"

ಹುಟ್ಟಿದಾಗಿನಿಂದ ಒಂದು ಐತವಾರ ತಪ್ಪಿಸದವಳು, ಮೊದಲ ತುತ್ತನ್ನು ಬೀರದೇವರಿಗೆ ಎತ್ತಿಡದೆ ಉಣ್ಣದವಳು ತಂಗೆವ್ವ. ಬಾಗಿಲಲ್ಲಿ ನಿಂತ ಮಾವನೂ ಅವಳ ಬಾಯಿಯನ್ನೇ ನೋಡಿದ.

"ಸುಳ್ಳು. ಸುಳ್ಳಪ್ಪಾ. ಭಂಡಾರನೂ ಸುಳ್ಳು, ದೇವ್ರೂ ಸುಳ್ಳು. ಬರೇ ಅರಿಶಿಣ ಅದು. ನೀ ಏನೂ ಮುರದಿಲ್ಲ" ಎಂದಳು. ಮಾವ ಕೆನ್ನೆ ಕೆನ್ನೆ ಬಡಿದುಕೊಂಡ.

ಬಸವಂತನ ಮುಖ ಸಡಿಲವಾಯಿತು. "ಹಂಗಾರ ನೀ ಬದಕತಿ" ಎಂದ. ಅಷ್ಟು ಹೇಳಿ ಕಣ್ಣು ಮುಚ್ಚಿದ. ಅಂಬ್ಯುಲನ್ಸಿನಲ್ಲಿ ದಾರಿಯುದ್ದಕ್ಕೂ ತಂಗೆವ್ವ ಅವನ ಕೈಯನ್ನು ತಲೆಯಿಂದ ಇಳಿಸಲಿಲ್ಲ. ಕಾಗಲ ದಾಟುವಾಗ ಆ ಕೈ ಭಾರವಾಯಿತು. ಮುಂದೆ ಕೂತ ಮಾವನಿಗೆ ಅವಳು ಹೇಳಲಿಲ್ಲ. ಕೊಲ್ಹಾಪುರ ಬರುವವರೆಗೆ ಹಾಗೆಯೇ ಹಿಡಿದುಕೊಂಡಿದ್ದಳು.

ಮಣ್ಣು ಇಚಲಕರಂಜಿಯಲ್ಲೇ ಆಯಿತು. ಅದಕ್ಕೂ ಮೊದಲೇ ಗಲ್ಲಿಯಲ್ಲಿ ಗುಸುಗುಸು ಹಬ್ಬಿತ್ತು. ಒಬ್ಬರು, ಗರ್ದುಲ್ಲಾ ಕಡೆಗೂ ಗರ್ದುಲ್ಲಾನೇ, ಎಂದರು. ಇನ್ನೊಬ್ಬರು, ಭಂಡಾರ ಮುರಿದರೆ ಬೀರದೇವರು ಬಿಡುತ್ತಾನೇನು, ಎಂದರು. ಮೂರನೆಯವರ ಫೋನಿನಲ್ಲಿ ಆ ಹಳೆಯ ಫೋಟೋ ಇನ್ನೂ ಇತ್ತು, ಅದನ್ನೇ ಮತ್ತೆ ಕಳಿಸಿದರು. ಮಾವನಿಗೆ ಇದನ್ನು ಸಹಿಸಲಾಗಲಿಲ್ಲ. ಹುಡುಗನ ಹೆಸರು ಉಳಿಯಲಿ, ಅಕ್ಕನ ಮಾನ ಉಳಿಯಲಿ ಎಂದು ಬಂದವರಿಗೆಲ್ಲ, ಕುರಿ ಕಾಯುವಾಗ ಹಾವು ಕಡಿಯಿತು, ಎಂದು ಹೇಳತೊಡಗಿದ. ಸತ್ಯಪ್ಪನೂ ಹೂಂ ಎಂದ. ತಂಗೆವ್ವನ ಕಿವಿಯಲ್ಲೂ ಹೇಳಿದರು. "ನೀ ಸುಮ್ಮ ಇದ್ರ ಸಾಕವಾ. ಉಳದದ್ದ ನಾವ ನೋಡಕೋತೇವಿ."

ಮೂರನೆಯ ದಿನ ಗಲ್ಲಿಯ ಹೆಂಗಸರು ದುಃಖ ಮಾತಾಡಿಸಲು ಬಂದರು. ಅಂಗಳ ತುಂಬ ಕೂತರು. ಉಜ್ವಲಾ ವೈನಿ ತಂಗೆವ್ವನ ಪಕ್ಕಕ್ಕೆ ಬಂದು, ಬೆನ್ನ ಮೇಲೆ ಕೈಯಿಟ್ಟು, ನಿಜವಾಗಿಯೇ ಅತ್ತಳು. ಅತ್ತಾದ ಮೇಲೆ ಮೆಲ್ಲಗೆ ಕೇಳಿದಳು. "ಸಾಪ ಚಾವಲಾ ಮ್ಹಣತಾರ. ಹಾವು ಖರೇನs ಕಡೀತೇನು, ತಂಗುಬಾಯಿ?"

ಮಾವ ಬಾಗಿಲಿನಿಂದ ಕಣ್ಸನ್ನೆ ಮಾಡಿದ. ತಂಗೆವ್ವ ಅವನನ್ನು ನೋಡಿದಳು, ಮತ್ತೆ ಅಂಗಳ ತುಂಬ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಇಲ್ಲ ವೈನಿ. ಹೆದರಿ ಸತ್ತ."

"ಹೆದರಿ? ಯಾರಿಗೆ?"

"ನನಗ" ಎಂದಳು ತಂಗೆವ್ವ. "ನನಗ ಹೆದರಿ ಸತ್ತ, ನನ್ನ ತಮ್ಮ."